ಚಾವಿ ಕೊಟ್ಟ ಮೇಲಿನ ತಕರಾರು

ಬೆಳಗಾವಿಯಿಂದ ವೆಂಗುರ್ಲಾದತ್ತ ಹೊರಟ ರಸ್ತೆ ಕ್ಯಾಂಪ್ ದಾಟಿ ಹಿಂಡಲಗಾಕ್ಕೆ ಬರುತ್ತದೆ. ಅಲ್ಲಿಂದ ಸುಳಗಾ, ಬಾಚಿ ಹಾದು ಶಿನೋಳಿಯ ಬಳಿ ಮಹಾರಾಷ್ಟ್ರದ ಚಂದಗಡ ತಾಲ್ಲೂಕು ಸೇರುತ್ತದೆ. ಒಂದು ಕಾಲಕ್ಕೆ 1923ರ ಕೇಂದ್ರ ಕಾರಾಗೃಹ ಮತ್ತು ಗಣಪತಿ ಗುಡಿಯಿಂದಲೇ ಗುರುತಾಗುತ್ತಿದ್ದ ಹಿಂಡಲಗಾ ಇಂದು ಬಾಡಿಗೆ ಮನೆಗಳ ಊರೂ ಹೌದು. ಇಲ್ಲಿನ ವಿಜಯನಗರ, ಪಕ್ಕದ ಗಣೇಶಪುರ, ನಗರದ ಕಡೆಗಿನ ಸಹ್ಯಾದ್ರಿನಗರ, ಕುವೆಂಪುನಗರ, ಹನುಮಾನನಗರಗಳಲ್ಲಿ ಮಹಡಿ ಮನೆಗಳ ಗೇಟಿಗೆ ‘ಟು ಲೆಟ್’ ಬೋರ್ಡು ಏರುತ್ತ ಇಳಿಯುತ್ತ ಇರುತ್ತದೆ. ಒಬ್ಬರು ಮನೆ ಖಾಲಿ ಮಾಡಿದ ಮೇಲೆ ಆ ಬೋರ್ಡು ಏರುತ್ತದೆ. ಬಹಳಷ್ಟು ಸಲ ಹೊರಟವರ ಡಿಪಾಸಿಟ್ ಹಣ ಇನ್ನೂ ಮಾಲೀಕರ ಬಳಿಯೇ ಉಳಿದಿರುತ್ತದೆ.

ಮನೆ ಹಿಡಿಯುವಾಗಿನ ಚೌಕಾಸಿ, ಇರುವಾಗಿನ ನೀರು-ಕರೆಂಟಿನ ಮಾತು ಎಲ್ಲರಿಗೂ ಗೊತ್ತು. ಮನೆ ಬಿಟ್ಟ ಮೇಲೆ ಹುಟ್ಟುವ ತಕರಾರಿನ ಚರ್ಚೆ ಮಾತ್ರ ಕಡಿಮೆ. ಡಿಪಾಸಿಟ್ ಎಷ್ಟು ದಿನದೊಳಗೆ ಬರಬೇಕು, ಪೇಂಟಿನ ಖರ್ಚು ಯಾರದು, ಒಡೆದ ಬಚ್ಚಲ ಟೈಲ್ಸಿಗೆ ಎಷ್ಟು ಕಳೆಯಬಹುದು, ಮಾಲೀಕರು ಫೋನ್ ಎತ್ತದಿದ್ದರೆ ಯಾರ ಬಾಗಿಲು ಬಡಿಯಬೇಕು? ಈ ಪ್ರಶ್ನೆಗಳಲ್ಲಿ ಹಲವಕ್ಕೆ ಕಾನೂನಿನಲ್ಲಿ ಉತ್ತರವಿದೆ. ಆ ಉತ್ತರವನ್ನು ಬಾಡಿಗೆದಾರನ ಕೈಗೆ ಬೇಗ ತಲುಪಿಸುವ ವ್ಯವಸ್ಥೆ ಕರ್ನಾಟಕದಲ್ಲಿ ಇಲ್ಲ.

ಹಿಂಡಲಗಾದ ಸುತ್ತ ಈ ಕೊರತೆ ಹೆಚ್ಚು ಚುಚ್ಚುವುದಕ್ಕೆ ಕಾರಣ ಇಲ್ಲಿ ಬಾಡಿಗೆಗೆ ಇರುವವರೇ. ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಸೆಂಟರ್ ಇರುವ ಊರಾದ್ದರಿಂದ ಸೈನಿಕ ಕುಟುಂಬಗಳಿವೆ. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿದ್ದಾರೆ. ವರ್ಗವಾಗಿ ಬಂದ ಬ್ಯಾಂಕ್ ನೌಕರರು, ಶಿಕ್ಷಕರು, ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗಿಬರುವ ಕಾರ್ಮಿಕರಿದ್ದಾರೆ. ಇವರಲ್ಲಿ ಅನೇಕರು ಮನೆಯ ಜತೆಗೆ ಊರನ್ನೂ ಬಿಡುತ್ತಾರೆ. ಜಮ್ಮುವಿಗೆ ಪೋಸ್ಟಿಂಗ್ ಆದ ಹವಾಲ್ದಾರ, ಕೋರ್ಸ್ ಮುಗಿಸಿ ಕಲಬುರಗಿಗೆ ಮರಳಿದ ವಿದ್ಯಾರ್ಥಿನಿ ಇಪ್ಪತ್ತು-ಮೂವತ್ತು ಸಾವಿರಕ್ಕಾಗಿ ಮತ್ತೆ ಮತ್ತೆ ಬೆಳಗಾವಿಗೆ ಬರಲಾರರು. ಓಡಾಟದ ಖರ್ಚು, ರಜೆ, ವಕೀಲರ ಫೀ ಲೆಕ್ಕ ಹಾಕಿದಾಗಲೇ ಅನೇಕರ ಹುಮ್ಮಸ್ಸು ಇಳಿದುಹೋಗುತ್ತದೆ.

ಮನೆ ಬಿಡುವ ದಿನ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ. ಸಾಮಾನೆಲ್ಲ ಟೆಂಪೋ ಏರಿದೆ, ಮಾಲೀಕರು ಖಾಲಿ ಕೋಣೆಗಳಲ್ಲಿ ಒಂದು ಸುತ್ತು ಹಾಕುತ್ತಾರೆ.

“ಗ್ವಾಡಿಗೆ ಎಷ್ಟ ಮೊಳಿ ಹೊಡದೀರಿ ನೋಡ್ರೆಲ್ಲಾ. ಪೇಂಟ್ ಮಾಡಸಬೇಕಾಗತೈತಿ. ಅದರ ಖರ್ಚ ಕಳದು ಉಳದಿದ್ದ ಕೊಡ್ತೇನ್ರಿ.”

“ಕಾಕಾ, ನಾವ್ ಬಂದಾಗನ ಆ ಮೂಲಿ ಹಸಿ ಹಿಡದಿತ್ತಲ್ರೀ. ಮೊದಲನೇ ಮಳಿಗಾಲದಾಗ ನಿಮಗ ತೋರಿಸಿದ್ನಲ್ಲ.”

“ಇರ್ಲಿ, ಈಗ ಗಾಡಿ ಬಂದ ನಿಂತೈತಿ, ನೀವು ಹೊಂಡ್ರಿ. ಎಂಟ ದಿನದಾಗ ಲೆಕ್ಕಾ ಮಾಡಿ ಫೋನ್‌ಪೇ ಮಾಡ್ತೇನಿ.”

ಚಾವಿ ಕೈ ಬದಲಾಗುತ್ತದೆ. ಮನೆ ಮಾಲೀಕರಿಗೆ ಮರಳಿತು, ಹಣವೂ ಅವರ ಬಳಿಯೇ ಇದೆ. ಎಷ್ಟು ಕಳೆಯಬೇಕು, ಯಾವಾಗ ಕೊಡಬೇಕು ಎರಡನ್ನೂ ಅವರೇ ತೀರ್ಮಾನಿಸುವ ಸ್ಥಿತಿ. ಮಾಲೀಕರೆಲ್ಲ ಶ್ರೀಮಂತರೇನಲ್ಲ. ನಿವೃತ್ತಿಯ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿಸಿ ಅದರ ಬಾಡಿಗೆಯಲ್ಲೇ ಮನೆ ನಡೆಸುವವರಿದ್ದಾರೆ. ಡಿಪಾಸಿಟ್ ಆಗಲೇ ಖರ್ಚಾಗಿರುತ್ತದೆ, ಹೊಸ ಬಾಡಿಗೆದಾರ ಬಂದು ಅಡ್ವಾನ್ಸ್ ಕೊಟ್ಟ ಮೇಲೇ ಹಳಬರಿಗೆ ಹಣ. ಅವರ ಕಷ್ಟ ಸುಳ್ಳಲ್ಲ. ಆದರೂ ಡಿಪಾಸಿಟ್ ಬಾಡಿಗೆದಾರನ ಹಣ. ಮನೆಗೆ ಆಗುವ ನಷ್ಟಕ್ಕೆ ಭದ್ರತೆಯಾಗಿ ಅದನ್ನು ಇಟ್ಟಿರುತ್ತಾನೆ, ಭದ್ರತೆಯ ಕೆಲಸ ಮುಗಿದ ಮೇಲೆ ಅದು ಮರಳಬೇಕು.

ಗೋಡೆಯ ಪ್ರಶ್ನೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಉತ್ತರವಿದೆ. ಅದರ 108ನೇ ಕಲಮಿನ ‘ಎಂ’ ಉಪಖಂಡದ ಪ್ರಕಾರ, ಬಾಡಿಗೆದಾರ ಮನೆಯನ್ನು ತಾನು ಪಡೆದಾಗಿನ ಸ್ಥಿತಿಯಲ್ಲೇ ಹಿಂತಿರುಗಿಸಬೇಕು. ಆದರೆ ಸಹಜ ಬಳಕೆಯ ಸವಕಳಿಗೂ ತಡೆಯಲಾಗದ ಪ್ರಕೃತಿಯ ಹೊಡೆತಕ್ಕೂ ಅವನು ಹೊಣೆಯಲ್ಲ. ಮೂರು ವರ್ಷ ಸಂಸಾರ ನಡೆದ ಮನೆಯಲ್ಲಿ ಬಣ್ಣ ಮಂಕಾಗುವುದು, ಒಗ್ಗರಣೆಯ ಹೊಗೆಗೆ ಅಡುಗೆಮನೆಯ ಗೋಡೆ ಹಳದಿಯಾಗುವುದು, ಬಾಗಿಲ ಹಿಡಿಕೆ ಸಡಿಲವಾಗುವುದು ಸವಕಳಿ. ಸಿಂಕ್ ಒಡೆಯುವುದು, ಕಿಟಕಿ ಗಾಜು ಪುಡಿಯಾಗುವುದು, ಕೇಳದೆ ಗೋಡೆ ಕೊರೆದು ಏಸಿ ಕೂಡಿಸುವುದು ಹಾನಿ. ಹಾನಿಯನ್ನು ತುಂಬಿಕೊಡಬೇಕು, ಸವಕಳಿಗೆ ದುಡ್ಡು ಕೇಳುವ ಹಾಗಿಲ್ಲ.

ಬೆಳಗಾವಿ, ಖಾನಾಪುರದ ಮಳೆ ಈ ವ್ಯತ್ಯಾಸವನ್ನು ಇನ್ನೂ ಮುಖ್ಯವಾಗಿಸುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಲೋಂಡಾದವರೆಗೆ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗವೆಲ್ಲ ಘಟ್ಟದ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮನೆಯ ಗೋಡೆ ಹಸಿ ಕುಡಿಯುತ್ತದೆ, ಆರ್‌ಸಿಸಿ ಚಾವಣಿಯೂ ಜಿನುಗುತ್ತದೆ. ಸುಣ್ಣ ಹೊಪ್ಪಳೆಯಾಗಿ ಉದುರುತ್ತದೆ, ಮೂಲೆಗೆ ಬೂಷ್ಟು ಕಟ್ಟುತ್ತದೆ. ಇದು ಬಾಡಿಗೆದಾರನ ತಪ್ಪಲ್ಲ, ಕಟ್ಟಡದ ದೋಷ ಅಥವಾ ಮಳೆಯ ಕೆಲಸ. ಆದರೆ ಮನೆ ಸೇರುವಾಗ ಗೋಡೆ ಹೇಗಿತ್ತು ಎಂಬುದಕ್ಕೆ ಫೋಟೋ ಇಲ್ಲದಿದ್ದರೆ, ಮಳೆ ಮಾಡಿದ ಕಲೆಗೂ ಮಕ್ಕಳು ಬಳಿದ ಬಣ್ಣಕ್ಕೂ ಇರುವ ಫರಕು ಆಮೇಲೆ ಯಾರಿಗೂ ಕಾಣುವುದಿಲ್ಲ.

108ನೇ ಕಲಮಿಗೆ ಒಂದು ಮಿತಿಯಿದೆ. ಕರಾರಿನಲ್ಲಿ ಬೇರೆ ಮಾತಿದ್ದರೆ ಅಥವಾ ಸ್ಥಳೀಯ ರೂಢಿ ಬೇರೆಯಿದ್ದರೆ ಅದೇ ನಡೆಯುತ್ತದೆ ಎಂದು ಅದೇ ಕಲಮು ಆರಂಭದಲ್ಲೇ ಹೇಳುತ್ತದೆ. ‘ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಡಿತ’ ಎಂಬ ಸಾಲು ಕರಾರು ಪತ್ರಗಳಲ್ಲಿ ನುಸುಳುವುದು ಈ ಬಾಗಿಲಿನಿಂದ. ಸಹಿ ಹಾಕುವ ದಿನ ಅದನ್ನು ಯಾರೂ ಓದುವುದಿಲ್ಲ, ಬಿಡುವ ದಿನ ಬೆರಳಿಟ್ಟು ತೋರಿಸುತ್ತಾರೆ.

ಹಾಗೆಂದು ಬರೆದದ್ದೆಲ್ಲ ಕಣ್ಣುಮುಚ್ಚಿ ಜಾರಿಯಾಗುವುದಿಲ್ಲ. ಕರಾರು ಮುರಿದುದಕ್ಕೆ ದಂಡದ ಮೊತ್ತವನ್ನು ಮೊದಲೇ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಎನ್ನುತ್ತದೆ 1872ರ ಕರಾರು ಕಾಯ್ದೆಯ 74ನೇ ಕಲಮು. 1963ರ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನು ಗಟ್ಟಿ ಮಾಡಿತು. ದೆಹಲಿಯ ಬಂಗಲೆಯೊಂದರ ಮಾರಾಟ ಮುರಿದುಬಿದ್ದಾಗ ಮಾರುವವರು ಅದಾಗಲೇ ಪಡೆದಿದ್ದ 25,000 ರೂಪಾಯಿಯನ್ನೂ ನುಂಗಲು ಹೊರಟಿದ್ದರು. ಬಯಾನೆಯಾಗಿ ಕೊಟ್ಟ 1,000 ರೂಪಾಯಿ ಬಿಟ್ಟು ಉಳಿದುದನ್ನು ನಷ್ಟ ತೋರಿಸದೆ ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂದು ನ್ಯಾಯಾಲಯ ಹೇಳಿತು. 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವೇ 78 ಲಕ್ಷ ರೂಪಾಯಿ ಹಿಂತಿರುಗಿಸಬೇಕಾಯಿತು. ಅದೇ ನಿವೇಶನ ಮುಂದೆ ಹೆಚ್ಚಿನ ಬೆಲೆಗೆ ಮಾರಾಟವಾಗಿದ್ದರಿಂದ ಪ್ರಾಧಿಕಾರಕ್ಕೆ ನಷ್ಟವೇ ಆಗಿರಲಿಲ್ಲ. ಇವೆರಡೂ ಬಾಡಿಗೆಯ ಪ್ರಕರಣಗಳಲ್ಲ. ಆದರೂ ‘ಲಾಕ್-ಇನ್ ಮುಗಿಯುವ ಮೊದಲೇ ಬಿಟ್ಟಿರಿ, ಡಿಪಾಸಿಟ್ ಪೂರ್ತಿ ಹೋಯಿತು’ ಎನ್ನುವ ಮಾಲೀಕರಿಗೆ ಉತ್ತರ ಇಲ್ಲೇ ಇದೆ. ಮುಂದಿನ ವಾರವೇ ಮನೆಗೆ ಬೇರೆಯವರು ಬಂದಿದ್ದರೆ ಆದ ನಷ್ಟವೆಷ್ಟು ಎಂದು ಅವರು ತೋರಿಸಬೇಕಾಗುತ್ತದೆ.

ಇಷ್ಟಾದರೂ ಬಾಡಿಗೆ ಮನೆಗಳಿಗೆಂದೇ ಒಂದು ವಿಶೇಷ ಕಾಯ್ದೆ ಇದೆಯಲ್ಲ ಎಂಬ ಪ್ರಶ್ನೆ ಏಳುತ್ತದೆ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿ 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ ನಡೆಯುತ್ತಿತ್ತು. ಏಕೀಕರಣದ ನಂತರ ಅದರ ಜಾಗಕ್ಕೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದನ್ನೂ ತೆಗೆದು 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು 2001ರ ಡಿಸೆಂಬರ್ 31ರಿಂದ ಜಾರಿಗೆ ತರಲಾಯಿತು. ಆದರೆ ಪ್ರದೇಶಕ್ಕೆ ತಕ್ಕಂತೆ ತಿಂಗಳ ಬಾಡಿಗೆ 3,500 ಅಥವಾ 2,000 ರೂಪಾಯಿ ಮೀರಿದ ಕಟ್ಟಡಗಳು ಅದರ ವ್ಯಾಪ್ತಿಯ ಹೊರಗೆ ಉಳಿದವು. ಈ ಮಿತಿಯೊಳಗೆ ಸಂಸಾರಕ್ಕೆ ಒಗ್ಗುವ ಮನೆ ಇಂದು ಹಿಂಡಲಗಾದಲ್ಲಿ ಸಿಗುವುದು ದುರ್ಲಭ. ಹೀಗಾಗಿ ಬಹುಪಾಲು ಬಾಡಿಗೆದಾರರಿಗೆ ಉಳಿದಿರುವುದು ಬ್ರಿಟಿಷರ ಕಾಲದ ಸ್ವತ್ತು ವರ್ಗಾವಣೆ ಕಾಯ್ದೆ, ಕರಾರು ಕಾಯ್ದೆ ಮತ್ತು ತಮ್ಮ ಕೈಯಲ್ಲಿರುವ ಕಾಗದ.

ಆ ಕಾಗದದ ಸ್ಥಿತಿಯೂ ಗಟ್ಟಿಯಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಅವಧಿ ಮುಗಿದ ಮೇಲೆ ಹೊಸದಾಗಿ ಬರೆಸದೆ ವರ್ಷಗಟ್ಟಲೆ ಹಾಗೇ ಮುಂದುವರಿಯುವುದೂ ಉಂಟು. ಎಷ್ಟೋ ಕಡೆ ಸ್ಟಾಂಪ್ ಪೇಪರಿನ ಬೆಲೆ ಇರಬೇಕಾದುದಕ್ಕಿಂತ ಕಡಿಮೆ ಇರುತ್ತದೆ. ಅಂಥ ಪತ್ರವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸಬೇಕಾದರೆ ಕೊರತೆಯ ಶುಲ್ಕದ ಜತೆಗೆ ಅದರ ಹತ್ತು ಪಟ್ಟಿನವರೆಗೆ ದಂಡ ಕಟ್ಟಬೇಕಾಗಬಹುದು. ಗಡಿಯಾಚೆಯ ಕೊಲ್ಹಾಪುರ ನಗರದಲ್ಲಿ ಮಾತು ಬೇರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಬಾಡಿಗೆ ಕರಾರನ್ನು ಬರವಣಿಗೆಯಲ್ಲಿ ಮಾಡಿ ನೋಂದಾಯಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ನೋಂದಾಯಿತ ಕರಾರು ಇಲ್ಲದಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಒಂದೇ ಮುಂಬಯಿ ಕಾಯ್ದೆಯ ನೆರಳಿನಲ್ಲಿದ್ದ ಎರಡು ಊರುಗಳ ಬಾಡಿಗೆದಾರರು ಇವತ್ತು ಇಷ್ಟು ದೂರವಾಗಿದ್ದಾರೆ.

ಡಿಪಾಸಿಟ್ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಬಾಡಿಗೆದಾರರು ಕಂಡುಕೊಂಡ ಉಪಾಯ ಕೊನೆಯ ಎರಡು-ಮೂರು ತಿಂಗಳ ಬಾಡಿಗೆ ನಿಲ್ಲಿಸಿ ‘ಡಿಪಾಸಿಟ್‌ನಾಗ ಹಿಡಕೋರಿ’ ಎನ್ನುವುದು. 1989ರಲ್ಲಿ ಆಂಧ್ರದ ಗೂಡೂರಿನ ಮಾಡರ್ನ್ ಹೋಟೆಲ್ ಪ್ರಕರಣದಲ್ಲಿ, ಮಾಲೀಕರ ಬಳಿ ಸಾಕಷ್ಟು ಮುಂಗಡ ಹಣವಿದ್ದಾಗ ಬಾಡಿಗೆದಾರ ಬಾಕಿ ಉಳಿಸಿಕೊಂಡ ಎನ್ನಲಾಗದೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪಿನ ಹಿಂದೆ ಮುಂಗಡಕ್ಕೆ ಮಿತಿ ಹಾಕಿದ್ದ ಆಂಧ್ರದ ಕಾಯ್ದೆ ಇತ್ತು. ಇಲ್ಲಿ ಅಂಥ ಮಿತಿಯಿಲ್ಲದ್ದರಿಂದ ಕರಾರಿನಲ್ಲಿ ಬರೆದದ್ದೇ ಆಧಾರ. ಮಾಲೀಕರು ಒಪ್ಪಿದರೆ ಆ ಒಪ್ಪಿಗೆಯನ್ನು ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಪಡೆದಿಟ್ಟುಕೊಳ್ಳಬೇಕು. ಬಿಡುವ ಮುನ್ನ ಬರವಣಿಗೆಯಲ್ಲಿ ತಿಳಿಸುವುದೂ ಅಷ್ಟೇ ಮುಖ್ಯ. ಕರಾರಿನಲ್ಲಿ ಏನೂ ಹೇಳದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟಿಸ್ ಸಾಕು.

ಬಾಕಿ ಬಿಲ್ಲಿನ ಮಾತೂ ಇದೆ. ಹೆಸ್ಕಾಂ ಬಿಲ್ ಬರುವ ಮೊದಲೇ ಮನೆ ಬಿಟ್ಟರೆ ಆ ದಿನದ ಮೀಟರ್ ರೀಡಿಂಗ್ ಫೋಟೋವೇ ಲೆಕ್ಕದ ಆಧಾರ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇನ್ನೊಂದು ಗಂಟು ಸೇರಿತು. ಬಾಡಿಗೆದಾರನ ಆಧಾರ್ ಆ ಮನೆಯ ಆರ್‌ಆರ್ ನಂಬರಿಗೆ ಜೋಡಣೆಯಾಗಿರುತ್ತದೆ. ಅದನ್ನು ಬಿಡಿಸದೆ ಹೋದರೆ ಹೊಸ ಮನೆಯಲ್ಲಿ ಯೋಜನೆಯ ಲಾಭಕ್ಕೆ ತೊಡಕು, ಹಳೆ ಮನೆಗೆ ಬಂದವರಿಗೂ ತೊಡಕು. ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡುವ ಸೌಲಭ್ಯ ಈಗಿದೆ. ಚಾವಿ ಕೊಡುವ ಮೊದಲೇ ಆ ಕೆಲಸ ಮುಗಿಸುವುದು ಒಳ್ಳೆಯದು. ಸ್ವಂತ ಖರ್ಚಿನಲ್ಲಿ ಕೂಡಿಸಿದ ಗೀಸರ್, ಫ್ಯಾನ್‌ಗಳನ್ನು ಬಿಚ್ಚಿಕೊಳ್ಳುವ ಹಕ್ಕೂ ಮನೆ ಕೈಯಲ್ಲಿರುವವರೆಗೆ ಮಾತ್ರ. ಬಿಚ್ಚಿದ ಜಾಗವನ್ನು ಮೊದಲಿದ್ದಂತೆ ಮಾಡಿಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಮೊತ್ತ ಸಿಕ್ಕಿಬೀಳುವುದು ‘ಲೀಸ್’ ಅಥವಾ ಭೋಗ್ಯದ ಮನೆಗಳಲ್ಲಿ. ಲಕ್ಷಗಟ್ಟಲೆ ಹಣ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಈ ಪದ್ಧತಿಯಲ್ಲಿ ಮಾಲೀಕರು ಆ ಹಣವನ್ನು ಮನೆ ಸಾಲಕ್ಕೋ ಮದುವೆಗೋ ಹಾಕಿರುತ್ತಾರೆ. ಬರಿಯ ಸ್ಟಾಂಪ್ ಪೇಪರಿನ ಮೇಲೆ ಇಂಥ ವ್ಯವಹಾರ ಮಾಡಿ, ಹಣ ಬರುವ ಮೊದಲೇ ಮನೆ ಬಿಟ್ಟವರ ಸ್ಥಿತಿ ಕಷ್ಟ. ಚೆಕ್ ಅಥವಾ ಬ್ಯಾಂಕ್ ಮೂಲಕ ಹಣ ಕೊಡುವುದು, ಪತ್ರ ನೋಂದಾಯಿಸುವುದು, ಹಣ ಕೈಸೇರಿದ ದಿನವೇ ಮನೆ ಒಪ್ಪಿಸುವುದೆಂದು ಕರಾರಿನಲ್ಲೇ ಬರೆಸುವುದು, ಈ ಮೂರೂ ಇಲ್ಲಿ ತಪ್ಪಬಾರದು.

ಹಣ ಬಾರದೇ ಹೋದಾಗ ಮೊದಲ ಹೆಜ್ಜೆ ಬರವಣಿಗೆಯ ನೋಟಿಸ್. ಮನೆ ಒಪ್ಪಿಸಿದ ದಿನ, ಡಿಪಾಸಿಟ್ ಮೊತ್ತ, ಒಪ್ಪುವ ಕಡಿತ, ಬರಬೇಕಾದ ಬಾಕಿ, ಕೊಡಬೇಕಾದ ಗಡುವು ಅದರಲ್ಲಿರಬೇಕು. ತಡವಾದರೆ ಬಡ್ಡಿ ಕೇಳುವುದಾಗಿಯೂ ಬರೆಯಬೇಕು. ಹಾಗೆ ಬರೆದ ನೋಟಿಸಿನ ದಿನದಿಂದ, ಬ್ಯಾಂಕ್ ಠೇವಣಿಯ ದರ ಮೀರದಂತೆ ಬಡ್ಡಿ ಕೊಡಿಸುವ ಅಧಿಕಾರ 1978ರ ಬಡ್ಡಿ ಕಾಯ್ದೆಯಡಿ ಕೋರ್ಟಿಗಿದೆ. ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ ರಸೀದಿ ಇಟ್ಟುಕೊಂಡರೆ ಎಷ್ಟೋ ತಕರಾರು ಅಲ್ಲಿಗೇ ಮುಗಿಯುತ್ತವೆ.

ಪೊಲೀಸ್ ಠಾಣೆಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಇದು ಸಿವಿಲ್ ಮ್ಯಾಟರ್’. ಹಣ ವಸೂಲಿ ಮಾಡಿಕೊಡುವುದು ಪೊಲೀಸರ ಕೆಲಸವಲ್ಲ ನಿಜ. ಸಾಮಾನು ತಡೆಹಿಡಿದರೆ, ಬೆದರಿಸಿದರೆ ದೂರು ಕೊಡಬಹುದು. ಊಟ-ವಸತಿ ಎರಡನ್ನೂ ಒದಗಿಸುವ ಪಿಜಿಗಳ ವಿಷಯದಲ್ಲಿ ಗ್ರಾಹಕ ಆಯೋಗದ ದಾರಿಯನ್ನು ವಕೀಲರೊಂದಿಗೆ ಚರ್ಚಿಸಬಹುದು. ಬರೀ ಮನೆ ಬಾಡಿಗೆಯ ತಕರಾರಿಗೆ ಸಿವಿಲ್ ಕೋರ್ಟೇ ಗತಿ. ಹಣ ಕೊಡಬೇಕಾದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ಮೊತ್ತ ಬರವಣಿಗೆಯಲ್ಲಿ ಸ್ಪಷ್ಟವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆಗೂ ಅವಕಾಶವಿದೆ, ಅಲ್ಲಿ ಎದುರಾಳಿ ವಾದಿಸಲು ಕೋರ್ಟಿನ ಅನುಮತಿ ಪಡೆಯಬೇಕು. ವಾಟ್ಸ್ಆ್ಯಪ್ ಸಂಭಾಷಣೆ, ಫೋಟೋ, ವಿಡಿಯೊಗಳನ್ನು ಸಾಕ್ಷಿಯಾಗಿ ಕೊಡುವಾಗ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಆದ್ದರಿಂದ ಫೋನ್ ಬದಲಿಸುವಾಗ ಹಳೆಯದನ್ನು ಅಳಿಸಿಬಿಡಬಾರದು.

ಸಣ್ಣ ಮೊತ್ತದವರಿಗೆ ಹೆಚ್ಚು ಒಗ್ಗುವ ದಾರಿ ಕಾನೂನು ಸೇವಾ ಪ್ರಾಧಿಕಾರದ್ದು. 1987ರ ಕಾಯ್ದೆಯ ಪ್ರಕಾರ ಕೋರ್ಟಿಗೆ ಹೋಗುವ ಮೊದಲೇ ತಕರಾರನ್ನು ಲೋಕ ಅದಾಲತ್ ಮುಂದೆ ತರಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಡಿಮೆ ಆದಾಯದವರಿಗೆ ವಕೀಲರ ನೆರವೂ ಉಚಿತ. ಸಹಾಯವಾಣಿ ಸಂಖ್ಯೆ 15100. ಬೆಳಗಾವಿಯಲ್ಲಿ ಜಿಲ್ಲಾ ಪ್ರಾಧಿಕಾರ, ಖಾನಾಪುರದಲ್ಲಿ ತಾಲ್ಲೂಕು ಸಮಿತಿ ಈ ಕೆಲಸಕ್ಕೆಂದೇ ಇವೆ. ಆದರೆ ರಾಜಿಗೆ ಇಬ್ಬರೂ ಒಪ್ಪಬೇಕು. ಮಾಲೀಕರು ಬರುವುದೇ ಇಲ್ಲವೆಂದರೆ ಮತ್ತೆ ಸಿವಿಲ್ ಕೋರ್ಟಿನ ಮೆಟ್ಟಿಲೇ.

ಈ ತೊಡಕು ನಮ್ಮಲ್ಲಿ ಮಾತ್ರ ಇರುವುದಲ್ಲ, ಬೇರೆಡೆ ಅದನ್ನು ಬಿಡಿಸಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1977ರಲ್ಲೇ ಬಾಡಿಗೆ ಠೇವಣಿಗೆ ಸರ್ಕಾರಿ ಮಂಡಳಿ ಮಾಡಿತು, ಹಣ ಇರುವುದು ಅದರ ಬಳಿ. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಮಾಲೀಕರು ಡಿಪಾಸಿಟನ್ನು ಮಾನ್ಯತೆ ಪಡೆದ ಯೋಜನೆಯೊಂದರಲ್ಲಿ ಭದ್ರಪಡಿಸಲೇಬೇಕು. ಈಗ ಅದಕ್ಕೆ 30 ದಿನಗಳ ಗಡುವು, ತಪ್ಪಿದರೆ ಡಿಪಾಸಿಟಿನ ಮೂರು ಪಟ್ಟಿನವರೆಗೆ ದಂಡ. ತಕರಾರು ಬಂದರೆ ಕೋರ್ಟಿಗೆ ಹೋಗದೆ ಉಚಿತವಾಗಿ ತೀರ್ಮಾನ. ಪೇಂಟಿನ ಲೆಕ್ಕವೂ ಅಲ್ಲಿ ಬೇರೆ. ಐದು ವರ್ಷ ಬಾಳುವ ಬಣ್ಣವಿದ್ದ ಮನೆಯನ್ನು ಬಾಡಿಗೆದಾರ ಮೂರು ವರ್ಷಕ್ಕೆ ಹಾಳುಗೆಡವಿ ಬಿಟ್ಟನೆನ್ನಿ. ಹೊಸ ಬಣ್ಣಕ್ಕೆ 20,000 ರೂಪಾಯಿ ಖರ್ಚಾದರೆ ಅವನ ಪಾಲು ಉಳಿದ ಎರಡು ವರ್ಷದ್ದು, ಅಂದರೆ 8,000 ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಬಾಕಿ ಹಣವನ್ನೂ ಕಡಿತದ ವಿವರವನ್ನೂ ಕಳಿಸಬೇಕು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರಲ್ಲಿ ಇನ್ನೂ ಮುಂದೆ ಹೋಯಿತು. ಬಣ್ಣ ಬಳಿಯದ ಮನೆಯನ್ನು ಹಾಗೇ ಪಡೆದವನು, ಅದಕ್ಕೆ ತಕ್ಕ ಪರಿಹಾರ ಸಿಗದಿದ್ದರೆ, ಬಳಿಸುವ ಹೊಣೆ ಹೊರಬೇಕಿಲ್ಲ ಎಂದಿತು.

ನೆರೆಯ ತಮಿಳುನಾಡು 2019ರಲ್ಲಿ ಜಾರಿಗೆ ತಂದ ಕಾಯ್ದೆಯಲ್ಲಿ ಮನೆ ಖಾಲಿಯಾದ ಒಂದು ತಿಂಗಳೊಳಗೆ ಡಿಪಾಸಿಟ್ ಮರಳಿಸಬೇಕೆಂದಿದೆ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎನ್ನುತ್ತದೆ, ಮನೆ ವಶಕ್ಕೆ ಪಡೆದ ದಿನವೇ ಲೆಕ್ಕ ಚುಕ್ತಾ ಮಾಡಬೇಕೆನ್ನುತ್ತದೆ. ಕರಾರಿನಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಗೋಡೆಗೆ ಸುಣ್ಣ ಹೊಡೆಸುವುದು, ಬಾಗಿಲು-ಕಿಟಕಿಗೆ ಬಣ್ಣ ಬಳಿಸುವುದು ಮಾಲೀಕರ ಪಾಲು. ನಲ್ಲಿಯ ವಾಷರ್, ಸ್ವಿಚ್, ಕಿಟಕಿ ಗಾಜು ಬಾಡಿಗೆದಾರನ ಪಾಲು. ತಕರಾರಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ, ತೀರ್ಮಾನಕ್ಕೆ 60 ದಿನಗಳ ಗುರಿ. ಮನೆ ಬಿಡದ ಬಾಡಿಗೆದಾರನಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಹಾಕುವ ಮೂಲಕ ಮಾಲೀಕರ ಆತಂಕಕ್ಕೂ ಅದು ಉತ್ತರ ಕೊಡುತ್ತದೆ. ಇದನ್ನು ಕಾಯ್ದೆಯಾಗಿ ಮಾಡುವುದು ರಾಜ್ಯಗಳ ಕೆಲಸ. ಹತ್ತು ತಿಂಗಳ ಅಡ್ವಾನ್ಸಿಗೆ ಹೆಸರಾದ ಬೆಂಗಳೂರು ಇರುವ ಕರ್ನಾಟಕ ಡಿಪಾಸಿಟ್‌ಗೆ ಮಿತಿ ಹಾಕುವ ಈ ಮಾದರಿಯನ್ನು ಇನ್ನೂ ತನ್ನದಾಗಿಸಿಕೊಂಡಿಲ್ಲ.

ಬೆಳಗಾವಿಯ ಸುವರ್ಣಸೌಧದಲ್ಲಿ ನಡೆಯುವ ಅಧಿವೇಶನದಲ್ಲಿ ಈ ಭಾಗದ ಶಾಸಕರು ಎತ್ತಲೇಬೇಕಾದ ವಿಷಯವಿದು. ಕೇಳಬೇಕಾದದ್ದು ದೊಡ್ಡದೇನಲ್ಲ: ಡಿಪಾಸಿಟ್‌ಗೊಂದು ಮಿತಿ, ಮರಳಿಸಲು ಗಡುವು, ಕಡಿತಕ್ಕೆ ರಸೀದಿಸಹಿತ ಲೆಕ್ಕ, ಊರು ಬಿಟ್ಟವರೂ ವಿಡಿಯೊ ಮೂಲಕ ಹಾಜರಾಗಬಹುದಾದ ಒಂದು ತಾಲ್ಲೂಕು ಮಟ್ಟದ ಬಾಡಿಗೆ ಪ್ರಾಧಿಕಾರ. ಅಲ್ಲಿಯವರೆಗೆ ಮನೆ ಸೇರುವ ದಿನ ಮತ್ತು ಬಿಡುವ ದಿನ ಇಬ್ಬರೂ ಕೂಡಿ ಕೋಣೆ ಕೋಣೆ ನೋಡಿ, ಗೋಡೆ, ನಲ್ಲಿ, ಮೀಟರುಗಳ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳಲಿ. ಕಡಿತವೆಷ್ಟು, ಬಾಕಿ ಯಾವ ದಿನ ಎಂಬುದು ಚಾವಿ ಕೊಡುವ ಮೊದಲೇ ಆ ಹಾಳೆಯ ಕೊನೆಯ ಸಾಲಿನಲ್ಲಿ ಬರಲಿ. ಹಿಂಡಲಗಾದ ಬಾಡಿಗೆದಾರ ಇವತ್ತೇ ಮಾಡಬಹುದಾದ ಕೆಲಸ ಇದು, ಮಾಲೀಕರೂ ಬೇಡವೆನ್ನಲು ಕಾರಣವಿಲ್ಲ.